ಕೊಟ್ಟಿಗೆಯ ಜಾವಾ ಕಲಿಸಿದ ಪಾಠ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನನಗಿಂತ ಮೊದಲು ಮಾತನಾಡಿದವರಲ್ಲಿ ಒಬ್ಬರು ವೈದ್ಯರು, ಇನ್ನೊಬ್ಬರು ತಹಸೀಲ್ದಾರರು. ನಾನು 1981ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಐಟಿಐಯಲ್ಲಿ ಫಿಟ್ಟರ್ ಕಲಿತು, ಮೂವತ್ತೈದು ವರ್ಷ ಕಾರ್ಖಾನೆಯಲ್ಲಿ ಸ್ಪ್ಯಾನರ್ ಹಿಡಿದವನು. ದೊಡ್ಡ ವಿಷಯಗಳು ನನ್ನ ಬಾಯಲ್ಲಿ ಬರುವುದಿಲ್ಲ. ಹೊರಗೆ ಬೇವಿನ ಮರದಡಿ ನಿಂತಿರುವ ಮೋಟಾರ್ ಸೈಕಲ್ಲಿನ ಸುತ್ತ ಬೆಳಿಗ್ಗೆಯಿಂದ ಮಕ್ಕಳು ಜಾತ್ರೆಯಂತೆ ಸೇರಿದ್ದಾರೆ. ಅದರ ಬಗ್ಗೆಯೇ ಮಾತಾಡಿ ಎಂದು ಮುಖ್ಯೋಪಾಧ್ಯಾಯರು ಅಪ್ಪಣೆ ಕೊಟ್ಟಿದ್ದಾರೆ.

ಅದು 1971ರ ಜಾವಾ 250. ನಮ್ಮ ಶಾಲೆಗಿಂತ ಮೂರು ವರ್ಷ ದೊಡ್ಡದು. ನಂಬರ್ ಪ್ಲೇಟು ಎಂವೈ ಎಂಬ ಅಕ್ಷರಗಳಿಂದ ಶುರುವಾಗುತ್ತದೆ. ಯಾಕೆಂದರೆ 1973ರ ನವೆಂಬರ್ 1ರವರೆಗೆ ನಮ್ಮ ರಾಜ್ಯದ ಹೆಸರು ಮೈಸೂರು ರಾಜ್ಯ. ಸಮಾಜ ಪಾಠದಲ್ಲಿ ನೀವು ಓದುವ ಈ ಸಂಗತಿಗೆ ಒಂದು ಸಾಕ್ಷಿ ಈ ಗಾಡಿಯ ಹಿಂದೆ ಮುಂದೆ ಅಂಟಿಕೊಂಡಿದೆ.

ಜಾವಾ ಮೂಲತಃ ಜೆಕೊಸ್ಲೊವಾಕಿಯ ದೇಶದ್ದು. ಯಾನೆಚೆಕ್ ಎಂಬುವರು ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕು ಕೊಂಡರು. ಇಬ್ಬರ ಹೆಸರಿನ ಮೊದಲ ಎರಡೆರಡು ಅಕ್ಷರ ಸೇರಿ ಆದದ್ದು ‘ಜಾವಾ’. 1960ರ ದಶಕದ ಆರಂಭದಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕೆಲಸ ಶುರುಮಾಡಿತು. ಮುಂದೆ 1970ರ ದಶಕದಲ್ಲಿ ಅದೇ ಕಾರ್ಖಾನೆಯ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಕಾರ್ಖಾನೆ ಮುಚ್ಚಿದರೂ ಅದರ ಕೆಲಸ ಬಲ್ಲ ಮೇಸ್ತ್ರಿಗಳು ಮೈಸೂರಿನ ಗಲ್ಲಿಗಳಲ್ಲಿ ಉಳಿದರು. ಅವರಿಗೆಲ್ಲ ಈಗ ವಯಸ್ಸಾಗಿದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಈ ಗಾಡಿ ಸಿಕ್ಕಿದ್ದು ನಮ್ಮ ತಾಲ್ಲೂಕಿನದೇ ಒಂದು ಹಳ್ಳಿಯ ದನದ ಕೊಟ್ಟಿಗೆಯಲ್ಲಿ. ಮೇಲೆ ಹುಲ್ಲಿನ ಪಿಂಡಿ, ಸೀಟಿನೊಳಗೆ ಇಲಿಗೂಡು, ಎರಡು ಟೈರೂ ನೆಲಕ್ಕೆ ಅಂಟಿದ್ದವು. ಅದನ್ನು ಓಡಿಸುತ್ತಿದ್ದವರು ಸುತ್ತಲ ಹದಿನೈದು ಹಳ್ಳಿಗೆ ದನದ ಡಾಕ್ಟರಾಗಿದ್ದವರು. ತೀರಿಕೊಂಡು ಬಹಳ ವರ್ಷವಾಗಿತ್ತು. ಗುಜರಿಯವನು ತೂಕದ ಲೆಕ್ಕದಲ್ಲಿ ಆರು ಸಾವಿರ ಹೇಳಿ ಹೋಗಿದ್ದ. ಅವರ ಶ್ರೀಮತಿಯವರು ಜಗಲಿಯ ಮೇಲೆ ಕೂತು, “ಏಳು ಸಾವಿರ ಕೊಟ್ಟು ನೀನೇ ತಗೊಂಡೋಗಪ್ಪ, ಜಾಗ ಖಾಲಿಯಾದ್ರೆ ಸಾಕು” ಅಂದರು.

ಇಲ್ಲಿ ಒಂದು ಮಾತು ಹೇಳಬೇಕು. ಹಳೆಯ ಗಾಡಿ ಹುಡುಕುವವರಲ್ಲಿ ಅನೇಕರು ಇಂಥ ಕ್ಷಣಕ್ಕಾಗಿಯೇ ಕಾಯುತ್ತಾರೆ. ಮಾರುವವರಿಗೆ ಬೆಲೆ ಗೊತ್ತಿಲ್ಲ, ಕೊಳ್ಳುವವನಿಗೆ ಗೊತ್ತಿದೆ. ಅದನ್ನು ವ್ಯಾಪಾರದ ಜಾಣತನ ಅನ್ನುವವರೂ ಇದ್ದಾರೆ. ನಾನು ಆ ತಾಯಿಗೆ, “ಅಮ್ಮಾ, ಪೇಟೆಯಲ್ಲಿ ಇದಕ್ಕೆ ಇನ್ನೂ ಹೆಚ್ಚು ಬೆಲೆ ಇದೆ. ನಿಮ್ಮ ಮಗನನ್ನು ಕೇಳಿ, ಇನ್ನಿಬ್ಬರನ್ನು ವಿಚಾರಿಸಿ, ಆಮೇಲೆ ಮಾತಾಡೋಣ” ಎಂದು ಹೇಳಿ ಬಂದೆ. ಹದಿನೈದು ದಿನದ ಮೇಲೆ ಮೂವತ್ತೈದು ಸಾವಿರಕ್ಕೆ ಮಾತಾಯಿತು. ಮುಂದೆ ಕಾಗದಪತ್ರಕ್ಕಾಗಿ ಆ ಮನೆಯ ಬಾಗಿಲಿಗೆ ಐದಾರು ಸಲ ಹೋಗಬೇಕಾಗಿ ಬಂತು. ಪ್ರತಿ ಸಲವೂ ಕಾಫಿ ಸಿಕ್ಕಿತು. ಮೋಸದ ಬೆಲೆಗೆ ಕೊಂಡಿದ್ದರೆ ಆ ಬಾಗಿಲು ತಟ್ಟುವುದಕ್ಕೆ ಮುಖ ಇರುತ್ತಿರಲಿಲ್ಲ.

ಹಳೆಯ ಗಾಡಿ ಕೊಳ್ಳುವ ಆಸೆ ಇಲ್ಲಿರುವ ದೊಡ್ಡವರಲ್ಲೂ ಕೆಲವರಿಗೆ ಇದ್ದೀತು. ಅವರಿಗಾಗಿ ಮೂರು ಮಾತು.

ಮೊದಲನೆಯದು ಕಾಗದ. ಆರ್‌ಸಿ ಪುಸ್ತಕ ಕೈಗೆ ತೆಗೆದುಕೊಂಡು ಚಾಸಿಸ್ ನಂಬರು, ಎಂಜಿನ್ ನಂಬರು ಎರಡನ್ನೂ ಗಾಡಿಯ ಮೇಲೆ ಕೆತ್ತಿರುವುದರ ಜೊತೆ ಒಂದೊಂದೇ ಅಂಕಿಯಾಗಿ ಹೋಲಿಸಬೇಕು. ಜಿಡ್ಡು ಕೂತಿದ್ದರೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿ ಮೂಡುತ್ತದೆ. ನಂಬರನ್ನು ಅರದಿಂದ ಉಜ್ಜಿದ ಗುರುತು ಕಂಡರೆ ಗಾಡಿ ಎಷ್ಟೇ ಚೆನ್ನಾಗಿರಲಿ, ಕೈಮುಗಿದು ಹೊರಟುಬಿಡಿ. ಮಾಲೀಕರು ತೀರಿಕೊಂಡಿದ್ದರೆ ಮೊದಲು ಮರಣ ಪ್ರಮಾಣಪತ್ರದೊಂದಿಗೆ ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ಬದಲಾಗಬೇಕು. ಅಲ್ಲಿಂದ ನಮೂನೆ 29 ಮತ್ತು 30ರಲ್ಲಿ ನಿಮ್ಮ ಹೆಸರಿಗೆ. ನೋಂದಣಿಯ ಅವಧಿ ಮುಗಿದಿದ್ದರೆ ನವೀಕರಣ ಬೇರೆ. ಐವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ಅದರಲ್ಲಿ ನೋಂದಾಯಿಸಿದರೆ ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು, ದಿನನಿತ್ಯದ ಓಡಾಟಕ್ಕಿಲ್ಲ. ನನಗೆ ಸಂತೆಗೂ ಹೋಗಬೇಕು, ತೋಟಕ್ಕೂ ಹೋಗಬೇಕು. ಆದ್ದರಿಂದ ಸಾಮಾನ್ಯ ನವೀಕರಣದ ದಾರಿ ಹಿಡಿದೆ.

ಎರಡನೆಯದು, ಏನೇನು ಇಲ್ಲ ಎಂಬ ಪಟ್ಟಿ. ತುಕ್ಕು ಕಣ್ಣಿಗೆ ಕಾಣುತ್ತದೆ, ಕಳೆದುಹೋದದ್ದು ಕಾಣುವುದಿಲ್ಲ. ಹೆಡ್‌ಲೈಟಿನ ರಿಂಗು, ಸ್ಪೀಡೋಮೀಟರು, ಟ್ಯಾಂಕಿನ ಮೊಣಕಾಲು ರಬ್ಬರು, ಮೊಳೆಯಂಥ ಆ ಹಳೆಯ ಕೀಲಿ, ಇವು ಗಾಡಿಯ ಜೊತೆಯಲ್ಲೇ ಇದ್ದರೆ ಅರ್ಧ ಗೆದ್ದಂತೆ. ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ಮೈಸೂರಿನ ಹಳೇ ಅಂಗಡಿಗಳು ಎಂದು ತಿಂಗಳುಗಟ್ಟಲೆ ಅಲೆಯಬೇಕು. ಹೊಸದಾಗಿ ಬರುವ ನಕಲಿ ಭಾಗಗಳಲ್ಲಿ ರಂಧ್ರಕ್ಕೆ ಬೋಲ್ಟು ಕೂರುವುದಿಲ್ಲ.

ಮೂರನೆಯದು ಎಂಜಿನ್. ಕಿಕ್ ಒತ್ತಿದಾಗ ಇಳಿಯದಿದ್ದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿದೆ ಎಂದು ಅರ್ಥ. ಬಲ ಪ್ರಯೋಗ ಕೂಡದು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ಲನ್ನೂ ಆಯಿಲನ್ನೂ ಬೆರೆಸಿ ಸುರಿದು ಬಿಟ್ಟುಬಿಡಬೇಕು. ನನ್ನ ಗಾಡಿಗೆ ಒಂಬತ್ತು ದಿನ ಬೇಕಾಯಿತು. ದಿನಾ ಸಂಜೆ ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಮೆಲ್ಲಗೆ ಅಲುಗಿಸಿ ನೋಡುವುದು, ಮತ್ತೆ ಎರಡು ಚಮಚ ಹಾಕುವುದು. ಒಂಬತ್ತನೇ ದಿನ ಕೂದಲೆಳೆಯಷ್ಟು ಸರಿಯಿತು. ಸುತ್ತಿಗೆ ಎತ್ತಿದ್ದರೆ ಮೊದಲ ದಿನವೇ ಒಡೆಯುತ್ತಿತ್ತು.

ಬಿಚ್ಚುವ ಕೆಲಸಕ್ಕೆ ಒಂದೇ ನಿಯಮ: ಬಿಚ್ಚುವ ಮೊದಲು ಫೋಟೋ, ಬಿಚ್ಚಿದ ಕೂಡಲೇ ಚೀಟಿ. ಬಿಸ್ಕತ್ ಡಬ್ಬಗಳಲ್ಲಿ ಬೋಲ್ಟು, ವಾಷರು, ಸ್ಪೇಸರುಗಳನ್ನು ಬಿಚ್ಚಿದ ಕ್ರಮದಲ್ಲೇ ಇಟ್ಟು, ಹೆಸರು ಬರೆದೆ. ಕೂಡಿಸುವಾಗ ಕೊನೆಯ ಡಬ್ಬದಿಂದ ಹಿಂದಕ್ಕೆ ಬರಬೇಕು. ಟ್ಯಾಂಕಿನೊಳಗಿನ ತುಕ್ಕಿಗೆ ಒಂದು ಹಿಡಿ ನಟ್ಟು, ಅರ್ಧ ಲೀಟರ್ ಡೀಸೆಲ್ ಹಾಕಿ ಕುಲುಕಿದ್ದೇ ಕುಲುಕಿದ್ದು. ನನ್ನ ಮೊಮ್ಮಕ್ಕಳಿಗೆ ಅದು ಬೇಸಿಗೆ ರಜೆಯ ಆಟವಾಯಿತು.

ಮಕ್ಕಳೇ, ಸಿಲಿಂಡರಿನ ಘನಫಲದ ಸೂತ್ರ ಕಲಿತಿದ್ದೀರಲ್ಲ? ಈ ಎಂಜಿನ್ನಿನ ಸಿಲಿಂಡರಿನ ವ್ಯಾಸ 65 ಮಿಲಿಮೀಟರ್, ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ 75 ಮಿಲಿಮೀಟರ್. ಲೆಕ್ಕ ಹಾಕಿ, ಸುಮಾರು 249 ಘನ ಸೆಂಟಿಮೀಟರ್ ಬರುತ್ತದೆ. 250 ಸಿಸಿ ಅನ್ನುವುದು ಅದನ್ನೇ. ಸಿಲಿಂಡರ್ ಒಳಗೆ ಗೀರು ಬಿದ್ದಿದ್ದರಿಂದ ಲೇತಿನಲ್ಲಿ ಅರ್ಧ ಮಿಲಿಮೀಟರ್ ಬೋರ್ ಮಾಡಿಸಿ, ಅದಕ್ಕೆ ಸರಿಯಾದ ದೊಡ್ಡ ಪಿಸ್ಟನ್ ಹಾಕಿಸಿದೆ. ಈಗ ಎಷ್ಟು ಸಿಸಿ ಆಯಿತು ಎಂಬುದು ನಿಮಗೆ ಮನೆಗೆಲಸ.

ಇದು ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲಿನಲ್ಲೇ ಲೀಟರಿಗೆ ಸುಮಾರು 40 ಮಿಲಿಲೀಟರ್ ಆಯಿಲ್ ಬೆರೆಸಬೇಕು. ಒಳಗೆ ಓಡುವ ಭಾಗಗಳಿಗೆ ಅದೇ ಎಣ್ಣೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಲಿವರ್ರೇ ತಿರುಗಿ ಗೇರ್ ಲಿವರ್ ಆಗುತ್ತದೆ. ಇಂಥದ್ದನ್ನು ಯೋಚಿಸಿದ ಎಂಜಿನಿಯರನ ತಲೆಗೆ ನಮಸ್ಕಾರ ಹೇಳಬೇಕು.

ಎಲ್ಲ ಕೂಡಿಸಿದ ಮೇಲೂ ಗಾಡಿ ಹತ್ತಿ ಹತ್ತಿ ಆರಿಹೋಗುತ್ತಿತ್ತು. ಬಿಳಿ ಹೊಗೆ ಬೇರೆ. ಆಗ ಮೈಸೂರಿನ ಒಬ್ಬ ಮೇಸ್ತ್ರಿಯವರನ್ನು ಕರೆತಂದೆ. ಎಪ್ಪತ್ತು ದಾಟಿದ ಜೀವ. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಕಣ್ಣು ಮುಚ್ಚಿಕೊಂಡು ಒಂದು ನಿಮಿಷ ಸದ್ದು ಕೇಳಿದರು, ಹೊಗೆಯ ವಾಸನೆ ನೋಡಿದರು. “ಕ್ರ್ಯಾಂಕಿನ ಆಯಿಲ್ ಸೀಲ್ ಒಣಗಿದೆ ಸ್ವಾಮಿ. ಗೇರ್‌ಬಾಕ್ಸಿನ ಎಣ್ಣೆ ಎಳ್ಕೊತಾ ಇದೆ” ಅಂದರು. ಸೀಲ್ ಬದಲಾಯಿಸಿ, ಪ್ಲಾಟಿನಂ ಪಾಯಿಂಟಿನ ಸಂದು 0.4 ಮಿಲಿಮೀಟರಿಗೆ ಇಟ್ಟ ಮೇಲೆ ಎರಡನೇ ಕಿಕ್ಕಿಗೆ ಹತ್ತಿತು. ಆ ಕಿವಿಯ ವಿದ್ಯೆ ಯಾವ ಪುಸ್ತಕದಲ್ಲೂ ಇಲ್ಲ. ಅವರ ಗ್ಯಾರೇಜಿನಲ್ಲಿ ಕಲಿಯುವ ಹುಡುಗರೂ ಇಲ್ಲ.

ಕೊನೆಗೆ ಉಳಿದದ್ದು ಬಣ್ಣ. ನೋಡಿದವರೆಲ್ಲ ಹೊಸ ಬಣ್ಣ ಹೊಡೆಸಿ, ಹೊಳೆಯಲಿ ಅಂದರು. ಟ್ಯಾಂಕಿನ ಎಡಗಡೆ ಒಂದು ಅಂಗೈಯಗಲದ ತಗ್ಗಿತ್ತು. ಬ್ರೇಕು, ಟೈರು, ವೈರಿಂಗು, ಬೇರಿಂಗು ಇವು ಜೀವದ ಪ್ರಶ್ನೆ, ಎಲ್ಲವನ್ನೂ ಹೊಸದು ಹಾಕಿದೆ. ಆದರೆ ಆ ಮರೂನ್ ಬಣ್ಣ ಕಾರ್ಖಾನೆಯದೇ. ಮಾಸಿದ್ದರೂ ಗಟ್ಟಿಯಾಗಿತ್ತು. ತೊಳೆದು, ಪಾಲಿಶ್ ಮಾಡಿ ಹಾಗೇ ಬಿಟ್ಟೆ.

ಹದಿನಾಲ್ಕು ತಿಂಗಳ ಮೇಲೆ ಗಾಡಿಯನ್ನು ಆ ತಾಯಿಯ ಮನೆಗೆ ಓಡಿಸಿಕೊಂಡು ಹೋದೆ. ಅವರಿಗೆ ಕಣ್ಣು ಮಂಜು. ಹತ್ತಿರ ಬಂದು ಟ್ಯಾಂಕಿನ ಮೇಲೆ ಕೈಯಾಡಿಸಿದರು. ಕೈ ಆ ತಗ್ಗಿನ ಹತ್ತಿರ ನಿಂತಿತು. “ಇದು ಏರಿ ಮೇಲೆ ಬಿದ್ದಾಗ ಆದದ್ದು. ಅವತ್ತು ರಾತ್ರಿ ಮಳೆ. ಹಸು ಕರು ಹಾಕಕ್ಕೆ ಒದ್ದಾಡ್ತಾ ಐತೆ ಅಂತ ಕರೆಯಕ್ಕೆ ಬಂದಿದ್ರು. ಕಾಲಲ್ಲಿ ರಕ್ತ ಸೋರ್ತಿದ್ರೂ ಹೋಗಿ ಕರು ಉಳಿಸಿ ಬಂದ್ರು” ಅಂದರು. ಅವರ ಮಗನಿಗೂ ಆ ಸಂಗತಿ ಗೊತ್ತಿರಲಿಲ್ಲ. ಬಣ್ಣದವನು ಆ ತಗ್ಗಿಗೆ ಪುಟ್ಟಿ ತುಂಬಿದ್ದರೆ ಆ ಮಾತು ಯಾರ ಬಾಯಿಂದಲೂ ಬರುತ್ತಿರಲಿಲ್ಲ.

ಯಾವುದನ್ನು ಸರಿಮಾಡಬೇಕು, ಯಾವುದನ್ನು ಇದ್ದಂತೆ ಬಿಡಬೇಕು ಎಂದು ತಿಳಿಯುವುದೇ ಈ ಕೆಲಸದ ಕಷ್ಟದ ಭಾಗ. ಮಹೋತ್ಸವಕ್ಕೆಂದು ನಮ್ಮ ಶಾಲೆಗೂ ಸುಣ್ಣಬಣ್ಣ ಆಗಿದೆ, ಸಂತೋಷ. ಹೊಸ ಸೂರು, ಹೊಸ ಶೌಚಾಲಯ ಆಗಲೇಬೇಕಾಗಿದ್ದ ಕೆಲಸಗಳು. ಆದರೆ ಸ್ಟೋರ್ ರೂಮಿನಲ್ಲಿರುವ ಹಳೆಯ ಹಾಜರಿ ಪುಸ್ತಕಗಳನ್ನು, ನಮ್ಮ ಮೇಷ್ಟ್ರುಗಳ ಕೈಬರಹದ ನಕ್ಷೆಗಳನ್ನು, ಎಷ್ಟೋ ಬ್ಯಾಚಿನವರು ಸವೆಸಿದ ಆ ಮರದ ಬೆಂಚುಗಳನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಕೈಯಾಡಿಸಿ ನೋಡಿ ಎಂದು ಸಮಿತಿಯವರಲ್ಲಿ ವಿನಂತಿ.

ಇನ್ನು ಮೇಸ್ತ್ರಿಯವರ ವಿಷಯ. ವಿದ್ಯೆ ಮುಂದಿನವರ ಕೈಗೆ ದಾಟದಿದ್ದರೆ ಅದು ಮನುಷ್ಯನ ಜೊತೆಗೇ ಹೋಗುತ್ತದೆ. ಬಿಡಿಭಾಗಕ್ಕೆಂದು ಕೊಂಡ ಇನ್ನೊಂದು ಹಾಳು ಜಾವಾ ಎಂಜಿನ್ ನನ್ನಲ್ಲಿದೆ. ಅದನ್ನು ಪಕ್ಕದಿಂದ ಸೀಳಿಸಿ, ಒಳಗಿನ ಪಿಸ್ಟನ್ನು, ಗೇರು ಕೈಯಲ್ಲಿ ತಿರುಗಿಸಿ ನೋಡುವಂತೆ ಮಾಡಿ ವಿಜ್ಞಾನ ಪ್ರಯೋಗಾಲಯಕ್ಕೆ ಕೊಡುತ್ತೇನೆ. ಮುಖ್ಯೋಪಾಧ್ಯಾಯರು ಒಪ್ಪಿದರೆ ಶನಿವಾರ ತರಗತಿ ಮುಗಿದ ಮೇಲೆ ಎರಡು ಗಂಟೆ ನಾನೇ ಬರುತ್ತೇನೆ. ಹುಡುಗರಷ್ಟೇ ಅಲ್ಲ, ಹುಡುಗಿಯರೂ ಬರಬೇಕು. ಮನೆಯಲ್ಲಿ ಕೆಟ್ಟುನಿಂತ ಮಿಕ್ಸಿ, ಫ್ಯಾನು, ಸೈಕಲ್ಲು ಏನಿದ್ದರೂ ತನ್ನಿ, ಬಿಚ್ಚೋಣ. ಖಾಲಿ ಬಿಸ್ಕತ್ ಡಬ್ಬ ಮತ್ತು ಚೀಟಿ ಬರೆಯಲು ಒಂದು ಪೆನ್ಸಿಲ್ ಮರೆಯಬೇಡಿ.