ಪರದೇಶದ ಮುತ್ತಜ್ಜನನ್ನು ಹುಡುಕಿದ್ದು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಈ ಶಾಲೆಯ ಮೊದಲನೇ ಬ್ಯಾಚಿನವನು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಅಲ್ಲಿಯೇ ನಿವೃತ್ತನಾದೆ. ಅದರಲ್ಲಿ ಬಹಳ ವರ್ಷ ರೆಕಾರ್ಡ್ ರೂಮಿನ ಧೂಳು ಕುಡಿದವನು. ವಂಶವೃಕ್ಷ ಎಂದರೆ ನನಗೆ ಪೌತಿ ಖಾತೆಗೆ ಬೇಕಾದ ಕಾಗದ, ಅಷ್ಟೆ. ಅಣ್ಣತಮ್ಮಂದಿರು ಜಗಳವಾಡುವಾಗ ಮಾತ್ರ ಅಜ್ಜನ ಹೆಸರು ಹುಡುಕುವವರು ನಾವು!

ಮಗ ಎಡಿನ್‌ಬರೋದಲ್ಲಿದ್ದಾನೆ. ಸೊಸೆ ಅಲ್ಲಿಯವಳೇ. ಹೋದ ವರ್ಷ ಆರು ತಿಂಗಳು ಅವರ ಜೊತೆ ಇದ್ದೆ. ಒಂದು ದಿನ ಸೊಸೆ ಕೇಳಿದಳು, “ಮಾವ, ನೀವು ಹಳೇ ಕಡತ ಓದುವವರಲ್ಲವಾ, ನಮ್ಮ ಮುತ್ತಜ್ಜನನ್ನು ಹುಡುಕಿ ಕೊಡಿ” ಎಂದು. ಅವಳ ತಂದೆ, ನನ್ನ ಬೀಗರು, ಇಪ್ಪತ್ತು ವರ್ಷದಿಂದ ಹುಡುಕಿ ಸೋತಿದ್ದರಂತೆ. ಆ ಮುತ್ತಜ್ಜನ ಹೆಸರು ಜಾನ್. ಅಡ್ಡಹೆಸರು ಬೇಡ, ಮನೆತನದವರು ಇನ್ನೂ ಇದ್ದಾರೆ. ಡಂಡೀ ಪಟ್ಟಣದಲ್ಲಿ ಕೈಮಗ್ಗದ ನೇಕಾರ. ಮುಂದೆ ನಮ್ಮ ಬಂಗಾಳದ ಸೆಣಬು ತರಿಸಿ ನೇಯ್ದು ಹೆಸರಾದ ಊರು ಅದು.

ಸ್ಕಾಟ್ಲೆಂಡಿನಲ್ಲಿ ಸರ್ಕಾರ ಜನನ ಮರಣ ಬರೆಯಲು ಶುರುಮಾಡಿದ್ದು 1855ರ ಜನವರಿ 1ರಿಂದ. ಅದಕ್ಕೂ ಹಿಂದಿನದೆಲ್ಲ ಚರ್ಚಿನ ಪುಸ್ತಕಗಳಲ್ಲಿ. ಒಂದೊಂದು ಚರ್ಚಿನ ಎಲ್ಲೆಗೆ ಪ್ಯಾರಿಷ್ ಎನ್ನುತ್ತಾರೆ, ನಮ್ಮ ಹೋಬಳಿ ಇದ್ದ ಹಾಗೆ ಎಂದುಕೊಳ್ಳಿ. ಅಂಥವು 900ಕ್ಕೂ ಹೆಚ್ಚು. ಎರಲ್ ಎಂಬ ಊರಿನ ಪುಸ್ತಕ 1553ರಿಂದಲೇ ಇದೆ. ಕೆಲವು ಊರುಗಳಲ್ಲಿ ನಡುವೆ ಹತ್ತಿಪ್ಪತ್ತು ವರ್ಷ ಬರೆದೇ ಇಲ್ಲ. ಬರೆಯುವವನು ಸೋಮಾರಿಯಾದರೆ ಊರಿಗೆ ಊರೇ ಇಲ್ಲವಾಗುತ್ತದೆ, ಅದು ನನಗೆ ಹೊಸದಲ್ಲ.

1855ರ ನಂತರ ಸತ್ತವರ ದಾಖಲೆಯಲ್ಲಿ ತಂದೆ ತಾಯಿ ಇಬ್ಬರ ಹೆಸರಿಗೂ ಜಾಗವಿದೆ. ನಮ್ಮ ಜಾನ್ ಸತ್ತದ್ದು 1854ರ ನವೆಂಬರಿನಲ್ಲಿ, ಗೋರಿ ಕಲ್ಲಿನ ಮೇಲಿದೆ. ಇನ್ನೆರಡು ತಿಂಗಳು ಉಸಿರು ಹಿಡಿದಿದ್ದರೆ ನಮ್ಮ ಕೆಲಸ ಒಂದು ದಿನದಲ್ಲಿ ಮುಗಿಯುತ್ತಿತ್ತು!

ಜನಗಣತಿ ನೋಡಿದೆವು. 1841ರಲ್ಲಿ ವಯಸ್ಸು 45, ಹತ್ತು ವರ್ಷ ಕಳೆದ ಮೇಲೆ 57. ಬೀಗರು ಇಲ್ಲೇ ಎಡವಿದ್ದರು, ಇಬ್ಬರು ಬೇರೆ ಬೇರೆ ಜಾನ್ ಎಂದು. ಆದರೆ 1841ರ ಗಣತಿಯಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂದು ಹೇಳಿದ್ದರು. 47 ಇದ್ದವನು 45 ಆದ. ಹುಟ್ಟಿದ್ದು 1793ರ ಆಸುಪಾಸು ಎಂದಾಯಿತು. ಹುಟ್ಟಿದ ಪ್ಯಾರಿಷ್ ಪರ್ತ್‌ಶೈರಿನದು ಎಂದು 1851ರ ಗಣತಿಯೇ ಹೇಳಿತು.

ಆ ಪ್ಯಾರಿಷಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಅವನಿಲ್ಲ. 1783ರಿಂದ 1794ರವರೆಗೆ ಒಂದೊಂದು ಹೆಸರು ಬರೆಸಲು ಮೂರು ಪೆನ್ಸ್ ತೆರಿಗೆ ಇತ್ತು. ಬಡವರನೇಕರು ಬರೆಸುವುದನ್ನೇ ಬಿಟ್ಟರು. ಬೀಗರು ಅಷ್ಟಕ್ಕೇ ಕೈ ಚೆಲ್ಲಿದ್ದರು.

ನನಗೆ ಹಿಡಿ ಸಿಕ್ಕಿದ್ದು ಹೆಸರಿಡುವ ಪದ್ಧತಿಯಲ್ಲಿ. ಅಲ್ಲಿ ಹಿರಿಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯ ಮಗಳಿಗೆ ತಂದೆಯ ತಾಯಿಯ ಹೆಸರು ಇಡುವ ರೂಢಿ ಇತ್ತು. ನಮ್ಮಲ್ಲೂ ತಾತನ ಹೆಸರು ಮೊಮ್ಮಗನಿಗೆ ಬರುವುದಿಲ್ಲವೇ? ಜಾನನ ಹಿರಿಮಗ ಡಂಕನ್, ಎರಡನೇ ಮಗಳು ಗ್ರಿಜೆಲ್. ಹಾಗಾದರೆ ಡಂಕನ್, ಗ್ರಿಜೆಲ್ ದಂಪತಿಯನ್ನು ಹುಡುಕು. ಮದುವೆ ಪುಸ್ತಕದಲ್ಲಿ ಅಂಥ ಜೋಡಿಯೇ ಇಲ್ಲ.

ಆಗ ಕರ್ಕ್ ಸೆಷನ್ ನಡಾವಳಿ ತೆಗೆದೆವು. ಕರ್ಕ್ ಸೆಷನ್ ಎಂದರೆ ಚರ್ಚಿನ ಪಾದ್ರಿ ಮತ್ತು ಹಿರಿಯರ ಪಂಚಾಯಿತಿ. ಬಡವರಿಗೆ ಕಾಸು ಹಂಚುವುದರಿಂದ ಹಿಡಿದು ಮದುವೆಯಾಗದೆ ಬಸುರಾದವಳನ್ನು ಕರೆಸಿ ವಿಚಾರಿಸುವವರೆಗೂ ಎಲ್ಲ ಅವರದೇ. ತಪ್ಪೊಪ್ಪಿಕೊಂಡವರು ಸಭೆಯ ಎದುರು ನಿಂತು ಛೀಮಾರಿ ಕೇಳಬೇಕು. ಕವಿ ರಾಬರ್ಟ್ ಬರ್ನ್ಸ್ ಕೂಡ 1786ರಲ್ಲಿ ಹೀಗೆ ನಿಂತವನೇ. ಆ ಬರಹ ಓದುವುದು ನಮ್ಮ ಮೋಡಿ ಲಿಪಿಯ ಕಡತ ಓದಿದಷ್ಟೇ ಕಷ್ಟ. ಸೊಸೆ ಒಂದೊಂದು ಅಕ್ಷರ ಕೂಡಿಸಿದಳು, ನಾನು ಸಾಲು ಹಿಡಿದೆ. ನಾಲ್ಕನೇ ದಿನ ಸಿಕ್ಕಿತು: 1793, ಗ್ರಿಜೆಲ್, ಮದುವೆಯಾಗಿಲ್ಲ, ಗಂಡು ಮಗು. ಮೂರು ಸಲ ಕರೆಸಿದ್ದಾರೆ. ಮೂರನೆಯ ಸಲ ಪಕ್ಕದೂರಿನ ಡಂಕನ್ ಎಂದು ಹೇಳಿದ್ದಾಳೆ. ಅವನ ಅಡ್ಡಹೆಸರೇ ಇಂದಿಗೂ ನನ್ನ ಸೊಸೆಯ ತವರಿನದು. ಕಚೇರಿಯಲ್ಲಾಗಿದ್ದರೆ ಇಷ್ಟು ಪುರಾವೆಗೆ ನಾನು ಸಹಿ ಹಾಕಲು ಹಿಂದೆಮುಂದೆ ನೋಡುತ್ತಿದ್ದೆ. ಆದರೂ ಅವನೇ ಎಂದು ನನ್ನ ಮನಸ್ಸು ಹೇಳುತ್ತದೆ.

ಬೀಗರಿಗೆ ಹೇಳುವುದೋ ಬೇಡವೋ ಎಂದು ನಾನು ಎರಡು ದಿನ ತಳಮಳಿಸಿದೆ. ನಮ್ಮ ಕಡೆ ಇದು ಸಣ್ಣ ಮಾತೇ? ಸೊಸೆಯೇ ಹೇಳಿದಳು. ಮುದುಕರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಮೂರು ಸಲ ಕರೆಸಿದರಾ ಆ ಹುಡುಗಿಯನ್ನು?” ಎಂದು ಕೇಳಿ ಆ ಪುಟದ ಪ್ರತಿ ತೆಗೆಸಿಕೊಂಡರು.

ಊರಿಗೆ ಬಂದ ಮೇಲೆ ನಿನ್ನೆ ಹೆಡ್‌ಮಾಸ್ತರರನ್ನು ಕೇಳಿ ನಮ್ಮ ಶಾಲೆಯ ಮೊದಲನೇ ದಾಖಲಾತಿ ಪುಸ್ತಕ ತೆಗೆಸಿದೆ. ಅಂಚುಗಳನ್ನು ಹುಳು ತಿಂದಿದೆ. ದಯವಿಟ್ಟು ಅದನ್ನು ಸ್ಕ್ಯಾನ್ ಮಾಡಿಸೋಣ, ಖರ್ಚು ನಮ್ಮ ಬ್ಯಾಚಿನದು. ಅದರಲ್ಲಿ ಅರ್ಧ ಊರೇ ಜೂನ್ 1ರಂದು ಹುಟ್ಟಿದೆ! ನಾನೂ ಅಷ್ಟೆ. ಅವ್ವ ಪ್ರೈಮರಿ ಶಾಲೆಯ ಮೇಷ್ಟ್ರಿಗೆ ಆರಿದ್ರಾ ಮಳೆ ಎಂದು ಹೇಳಿದ್ದಳಂತೆ, ಅವರು ಜೂನ್ 1 ಬರೆದರು, ಟಿ.ಸಿ.ಯಲ್ಲಿ ಅದೇ ಇಲ್ಲಿಗೂ ಬಂತು.

ನಮ್ಮಪ್ಪ ನಾನು ಕೂಸಾಗಿದ್ದಾಗಲೇ ಊರು ಬಿಟ್ಟವರು, ಹಿರಿಯರಿಗೆ ಗೊತ್ತು. ಎಂಟನೇ ತರಗತಿಗೆ ಸೇರಿಸಲು ಬಂದಾಗ ಪೋಷಕರು ಯಾರು ಎಂದು ಕೇಳಿದರು. ಅವ್ವ ಏನೆಂದಳೋ ನಾನು ಮರೆತಿದ್ದೆ. ಪುಸ್ತಕದಲ್ಲಿದೆ. ತಂದೆಯ ಹೆಸರಿನ ಮುಂದೆ ಅಪ್ಪನ ಹೆಸರು, ಪೋಷಕರು ಎನ್ನುವಲ್ಲಿ ಅವ್ವನ ಹೆಸರು, ಅದರ ಕೆಳಗೆ ಎಡಗೈ ಹೆಬ್ಬೆಟ್ಟು. ಶಾಯಿ ಸ್ವಲ್ಪ ಹರಡಿದೆ, ಗೆರೆಗಳು ಇನ್ನೂ ಕಾಣುತ್ತವೆ.