ಕೂಡುಕುಟುಂಬದ ಆರೋಗ್ಯ ವಿಮೆ: ಒಲೆ ಒಂದೇ ಇರಲಿ, ಪಾಲಿಸಿ ಬೇರೆ ಇರಲಿ



ಅಜ್ಜ, ಅಜ್ಜಿ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಮೂವರು ಮೊಮ್ಮಕ್ಕಳು. ಮುಂಬಯಿಯಲ್ಲಾಗಲಿ ಪುಣೆಯಲ್ಲಾಗಲಿ ಇಂಥ ಮನೆಯಲ್ಲಿ ಅಂಗಡಿಯ ಲೆಕ್ಕವೂ ಒಂದೇ, ಅಡುಗೆಯೂ ಒಂದೇ. ಆದುದರಿಂದ ವಿಮೆಯೂ ಒಂದೇ ಇರಲಿ ಎಂಬ ಅಪೇಕ್ಷೆ ಸಹಜ. ಆದರೆ ವೆಚ್ಚ ಏರುವುದು ಅಲ್ಲಿಯೇ.

ಫ್ಯಾಮಿಲಿ ಫ್ಲೋಟರ್ ಪಾಲಿಸಿಯ ಪ್ರೀಮಿಯಂ ಸಾಮಾನ್ಯವಾಗಿ ಅದರಲ್ಲಿರುವ ಅತಿ ಹಿರಿಯ ಸದಸ್ಯರ ವಯಸ್ಸನ್ನು ಅವಲಂಬಿಸುತ್ತದೆ. 72 ವರ್ಷದ ಅಜ್ಜನನ್ನೂ 6 ವರ್ಷದ ಮೊಮ್ಮಗನನ್ನೂ ಒಂದರಲ್ಲೇ ಸೇರಿಸಿದರೆ, ಇಡೀ ಮನೆಯ ದರ ಅಜ್ಜನ ವಯಸ್ಸಿಗೆ ಏರುತ್ತದೆ. ಅಜ್ಜನ ಒಂದು ಶಸ್ತ್ರಚಿಕಿತ್ಸೆಗೆ ವರ್ಷದ ವಿಮಾ ಮೊತ್ತವೆಲ್ಲ ಮುಗಿದರೆ, ಉಳಿದವರಿಗೆ ರಕ್ಷಣೆಯೇ ಇಲ್ಲದಂತಾಗಬಹುದು.

ಆದುದರಿಂದ ಕುಟುಂಬವನ್ನು ವಯಸ್ಸಿನಂತೆ ವಿಭಾಗಿಸುವುದು ಲೇಸು. ಮಗ, ಸೊಸೆ, ಅವರ ಮಕ್ಕಳು ಸೇರಿ ಒಂದು ಫ್ಲೋಟರ್; ಇನ್ನೊಬ್ಬ ಮಗನ ಸಂಸಾರಕ್ಕೆ ಮತ್ತೊಂದು. ಪ್ರತಿಯೊಂದಕ್ಕೂ 5 ಲಕ್ಷ ರೂಪಾಯಿಯ ಮೂಲ ಪಾಲಿಸಿ ಇರಿಸಿ, ಅದರ ಮೇಲಿನ ವೆಚ್ಚಕ್ಕೆ ಸೂಪರ್ ಟಾಪ್-ಅಪ್ ಪಡೆದರೆ ದೊಡ್ಡ ಮೊತ್ತದ ರಕ್ಷಣೆ ಕಡಿಮೆ ಹಣಕ್ಕೆ ದೊರೆಯುತ್ತದೆ. ಬರಿಯ ಟಾಪ್-ಅಪ್ ಒಂದೊಂದು ಬಿಲ್ಲನ್ನು ಪ್ರತ್ಯೇಕವಾಗಿ ಎಣಿಸುತ್ತದೆ. ಸೂಪರ್ ಟಾಪ್-ಅಪ್ ವರ್ಷದ ಬಿಲ್ಲುಗಳನ್ನೆಲ್ಲ ಕೂಡಿಸಿ ನೋಡುತ್ತದೆ. ಕೊಳ್ಳಬೇಕಾದದ್ದು ಎರಡನೆಯದು.

ಹಿರಿಯರಿಗೆ ಪ್ರತ್ಯೇಕ ಪಾಲಿಸಿ ಇರಲಿ. 70 ದಾಟಿದವರಿಗೆ ಆದಾಯ ಎಷ್ಟೇ ಇದ್ದರೂ 2024ರ ಅಕ್ಟೋಬರ್‌ನಿಂದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗಿನ ಆಸ್ಪತ್ರೆ ಚಿಕಿತ್ಸೆ ಲಭ್ಯ. ಖಾಸಗಿ ವಿಮೆ ಇದ್ದವರೂ ಅರ್ಹರು. ಆದರೆ ಮನೆಗೆ ಹತ್ತಿರದ ಆಸ್ಪತ್ರೆ ಆ ಯೋಜನೆಯ ಪಟ್ಟಿಯಲ್ಲಿದೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಸಂಘಸಂಸ್ಥೆಗಳ ಗುಂಪು ವಿಮೆಯನ್ನು ಆಸರೆಯಾಗಿ ಬಳಸಬಹುದು, ಆಧಾರವಾಗಿ ಅಲ್ಲ. ಸಂಸ್ಥೆ ನವೀಕರಿಸದಿದ್ದರೆ ಎಲ್ಲರ ರಕ್ಷಣೆಯೂ ಒಮ್ಮೆಗೇ ನಿಲ್ಲುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹಾಗೂ ಫ್ಲೋಟರ್ ಪಾಲಿಸಿಗಳ ಮೇಲಿನ ಶೇ. 18 ಜಿಎಸ್‌ಟಿ ರದ್ದಾಗಿದೆ. ಗುಂಪು ಪಾಲಿಸಿಗೆ ಈ ವಿನಾಯಿತಿ ಇಲ್ಲ. ಪ್ರೀಮಿಯಂಗೆ ಆದಾಯ ತೆರಿಗೆಯ ಕಡಿತ ದೊರೆಯುವುದು ಹಳೆಯ ಪದ್ಧತಿಯನ್ನು ಆಯ್ದವರಿಗೆ ಮಾತ್ರ, ಅದೂ ನಗದಾಗಿ ಪಾವತಿಸದಿದ್ದರೆ. ತೆರಿಗೆ ಉಳಿತಾಯವೊಂದಕ್ಕಾಗಿ ವಿಮೆ ಕೊಳ್ಳುವವರು ಇದನ್ನು ಗಮನಿಸಬೇಕು.

ಇನ್ನು, ಎಲ್ಲಕ್ಕಿಂತ ಮುಖ್ಯವಾದ ಮಾತು. ಪ್ರೀಮಿಯಂ ಏರೀತೆಂದು ಅಜ್ಜಿಯ ಸಕ್ಕರೆ ಕಾಯಿಲೆಯನ್ನು, ತಂದೆಯ ರಕ್ತದೊತ್ತಡವನ್ನು ಅರ್ಜಿಯಲ್ಲಿ ಮುಚ್ಚಿಡುವವರಿದ್ದಾರೆ. 'ಬರೆಯಬೇಡಿ' ಎಂದು ಸಲಹೆ ನೀಡುವ ಏಜೆಂಟರೂ ಇದ್ದಾರೆ. ಆಸ್ಪತ್ರೆಯ ಹಳೆಯ ಕಾಗದಗಳು ಹೊರಬಂದ ದಿನ ಕ್ಲೇಮ್ ತಿರಸ್ಕೃತವಾಗುತ್ತದೆ. ಆಗ ಏಜೆಂಟರು ಬಿಲ್ಲು ಕಟ್ಟುವುದಿಲ್ಲ. ಮನೆಯ ಚಿನ್ನ ಕಟ್ಟುತ್ತದೆ. ಹೇಳಿಕೊಂಡ ಕಾಯಿಲೆಗೆ ಕಾಯಬೇಕಾದ ಅವಧಿ 2024ರ ನಿಯಮದಂತೆ ಗರಿಷ್ಠ 3 ವರ್ಷ. 5 ವರ್ಷ ಸತತವಾಗಿ ನಡೆದ ಪಾಲಿಸಿಯಲ್ಲಿ ಕಾಯಿಲೆ ತಿಳಿಸಲಿಲ್ಲವೆಂಬ ಕಾರಣ ನೀಡಿ ಕ್ಲೇಮ್ ನಿರಾಕರಿಸುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ಆ ರಕ್ಷಣೆಯೂ ಇಲ್ಲ. ಮೂರು ವರ್ಷದ ತಾಳ್ಮೆ ಸುಳ್ಳಿಗಿಂತ ಅಗ್ಗ.

ಮುಂದಿನ ನವೀಕರಣಕ್ಕೆ ಮುನ್ನ ಮನೆಯ ಎಲ್ಲ ಪಾಲಿಸಿಗಳನ್ನೂ ಎದುರಿಗಿಟ್ಟುಕೊಂಡು ಕುಳಿತುಕೊಳ್ಳಿ. ಯಾರ ಹೆಸರು ಯಾವುದರಲ್ಲಿದೆ, ಕೊಠಡಿ ಬಾಡಿಗೆಯ ಮಿತಿ ಎಷ್ಟು, ಬಿಲ್ಲಿನಲ್ಲಿ ಸ್ವಂತ ಪಾಲು ಎಷ್ಟು ಎಂಬುದನ್ನು ಬರೆದಿಡಿ. ಆ ಹಾಳೆ ಸೊಸೆಯಂದಿರ ಕೈಯಲ್ಲೂ ಇರಲಿ. ರಾತ್ರಿ ಆಸ್ಪತ್ರೆಗೆ ಓಡುವಾಗ ಯಜಮಾನನೇ ರೋಗಿಯಾಗಿರಬಹುದು.