ಪ್ರಶಸ್ತಿಯ ಪುಸ್ತಕ ಮಕ್ಕಳ ಕೈಗೆ ಬರಲಿ

(ಚಂದ್ರಬಂಡದ ಸಭೆಯಲ್ಲಿ ಮಾಡಿದ ಭಾಷಣ)



ಸಭೆ ಎಂದರೆ ಕೂಲಿ, ಬೋನಸ್ಸು, ನೀರು, ರಸ್ತೆಯ ಮಾತು ಎಂದು ತಿಳಿದು ನೀವು ಬಂದಿದ್ದೀರಿ. ಮಕ್ಕಳ ಕಥೆ ಪುಸ್ತಕದ ಮಾತು ಎತ್ತುತ್ತೇನೆಂದಾಗ ಗಿರಣಿಯ ಅಣ್ಣನೊಬ್ಬ, "ಹೊಟ್ಟಿಗಿ ಇಲ್ದಾಗ ಕಥಿ ಪುಸ್ತಕ ಯಾಕ್ರೀ?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡದೆ ನಾನು ಕೂಡುವುದಿಲ್ಲ.

ಮೊದಲು ಸಂತೋಷದ ಸಂಗತಿ ಹೇಳುತ್ತೇನೆ. ಕೇಂದ್ರ ಸಾಹಿತ್ಯ ಅಕಾಡೆಮಿ ೨೦೧೦ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಐವತ್ತು ಸಾವಿರ ರೂಪಾಯಿ, ಒಂದು ತಾಮ್ರಫಲಕ. ಕನ್ನಡದಲ್ಲಿ ಮೊದಲ ವರ್ಷ ಅದು ಬೊಳುವಾರು ಮಹಮದ್ ಕುಂಞಿ ಅವರಿಗೆ, ಮರುವರ್ಷ ನಾ. ಡಿಸೋಜ ಅವರಿಗೆ ಸಂದಿತು. ೨೦೧೯ರಲ್ಲಿ ನಮ್ಮ ನೆರೆಯ ಯಾದಗಿರಿ ಜಿಲ್ಲೆಯ ಚಂದ್ರಕಾಂತ ಕರದಳ್ಳಿಯವರ 'ಕಾಡು ಕನಸಿನ ಬೀದಿಗೆ' ಎಂಬ ಪುಸ್ತಕಕ್ಕೆ ಬಂತು. ೨೦೨೫ರಲ್ಲಿ ಬಳ್ಳಾರಿ ಸೀಮೆಯ ಕೆ. ಶಿವಲಿಂಗಪ್ಪ ಹಂದಿಹಾಳು ಅವರ 'ನೋಟ್ ಬುಕ್' ಎಂಬ ಕಥೆಗಳಿಗೆ ಬಂತು. ನಮ್ಮ ಬಿಸಿಲು ಬಲ್ಲವರೇ ಬರೆದ ಪುಸ್ತಕಗಳಿವು.

ಈಗ ಕೇಳುತ್ತೇನೆ. ಇಲ್ಲಿ ಕೂತವರಲ್ಲಿ ಯಾರ ಮಗು ಇವುಗಳಲ್ಲಿ ಒಂದನ್ನಾದರೂ ಕೈಯಲ್ಲಿ ಹಿಡಿದಿದೆ?

ಒಂದು ಶಾಲೆಗೆ ಹೋಗಿದ್ದೆ. ಹೆಸರು ಬೇಡ. ಬೀರುವಿನ ತುಂಬ ಒಳ್ಳೊಳ್ಳೆಯ ಪುಸ್ತಕ, ಬಾಗಿಲಿಗೆ ಬೀಗ. "ಮೇಷ್ಟ್ರೇ, ಇದೇನು?" ಎಂದೆ. "ಪುಸ್ತಕ ಕಳೆದರೆ ನನ್ನ ಸಂಬಳದಲ್ಲಿ ಹಿಡಿಯುತ್ತಾರೆ" ಎಂದರು. ಆ ಬಡ ಮೇಷ್ಟ್ರನ್ನು ನಾನು ಬೈಯಲಿಲ್ಲ. ಹರಿದ ಪುಸ್ತಕವನ್ನು ನಷ್ಟವೆಂದು ಬರೆದುಕೊಂಡು, ಓದದ ಪುಸ್ತಕವನ್ನು ಆಸ್ತಿಯೆಂದು ಲೆಕ್ಕ ಹಿಡಿಯುವ ಪದ್ಧತಿಯದೇ ತಪ್ಪು.

ಇಂಗ್ಲೆಂಡಿನಲ್ಲಿ ಮಕ್ಕಳ ಪುಸ್ತಕಕ್ಕೆ ಕಾರ್ನೆಗಿ ಪದಕವೆಂಬುದಿದೆ. ೧೯೩೬ರಲ್ಲಿ ಗ್ರಂಥಪಾಲಕರ ಸಂಘ ಅದನ್ನು ಸ್ಥಾಪಿಸಿತು. ಈ ಕಾರ್ನೆಗಿ ಅಮೆರಿಕದ ಉಕ್ಕಿನ ಸಾಹುಕಾರ. ೧೮೯೨ರಲ್ಲಿ ಹೋಂಸ್ಟೆಡ್‌ನ ಅವನ ಕಾರ್ಖಾನೆಯಲ್ಲಿ ಮುಷ್ಕರ ಹೂಡಿದ ಕಾರ್ಮಿಕರ ಮೇಲೆ ಗುಂಡು ಹಾರಿದ್ದನ್ನು ದುಡಿಯುವ ಜನ ಮರೆತಿಲ್ಲ. ಆದರೆ ಅವನೂ ಹುಡುಗನಾಗಿದ್ದಾಗ ಹತ್ತಿ ಗಿರಣಿಯಲ್ಲಿ ದುಡಿದವನೇ. ದುಡಿಯುವ ಹುಡುಗರಿಗೆ ಶನಿವಾರ ತನ್ನ ಪುಸ್ತಕಗಳನ್ನು ಓದಲು ಕೊಡುತ್ತಿದ್ದ ಒಬ್ಬ ಹಿರಿಯನನ್ನು ಅವನು ಕೊನೆವರೆಗೂ ನೆನೆದ.

ಆ ಪದಕವನ್ನೂ ಐವತ್ತು ವರ್ಷಕ್ಕೂ ಮೀರಿ ದೊಡ್ಡವರೇ ಆರಿಸಿದರು, ದೊಡ್ಡವರೇ ಕೊಟ್ಟರು. ೧೯೯೨ರಿಂದ ಹೊಸ ರೂಢಿ ಬಂತು. ಕೊನೆಯ ಸುತ್ತಿಗೆ ಬಂದ ಪುಸ್ತಕಗಳನ್ನು ಶಾಲೆ, ಗ್ರಂಥಾಲಯಗಳಲ್ಲಿ ಮಕ್ಕಳ ಗುಂಪುಗಳು ಓದುತ್ತವೆ, ಹರಟುತ್ತವೆ, ಜಗಳವಾಡುತ್ತವೆ, ತಮ್ಮ ಆಯ್ಕೆ ಹೇಳುತ್ತವೆ. ತೀರ್ಪುಗಾರರದೊಂದು ಪುಸ್ತಕ, ಮಕ್ಕಳದು ಬೇರೊಂದು ಆದದ್ದೂ ಉಂಟು. ತನ್ನ ಮಾತಿಗೆ ಬೆಲೆಯಿದೆ ಎಂದು ತಿಳಿದ ಮಗು ಹೇಳಿಸಿಕೊಳ್ಳದೆ ಓದುತ್ತದೆ.

ಇದು ಚಂದ್ರಬಂಡದಲ್ಲಿ ಆಗದೇ? ೧೯೬೫ರ ಕಾಯಿದೆಯಂತೆ ನಾವು ಕಟ್ಟುವ ಮನೆ, ಅಂಗಡಿ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರವಿದೆ. ೨೦೨೦ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡರು. ದುಡ್ಡು ನಮ್ಮದು, ಹಕ್ಕೂ ನಮ್ಮದು. ಪ್ರಶಸ್ತಿ ಪಡೆದ ಐದು ಪುಸ್ತಕ, ಒಂದೊಂದರ ನಾಲ್ಕು ಪ್ರತಿ ತರಿಸೋಣ. ಪಂಚಾಯತಿ ತಡಮಾಡಿದರೆ ಅಂಗಡಿಯವರು ಒಬ್ಬೊಬ್ಬರು ಒಂದು ಪುಸ್ತಕದ ಬೆಲೆ ಕೊಡಲಿ. ಪ್ರಶ್ನೋತ್ತರವಿಲ್ಲ, ಅಂಕವಿಲ್ಲ. ರುಚಿಸದ ಪುಸ್ತಕವನ್ನು ಅರ್ಧಕ್ಕೆ ಮುಚ್ಚಿಡಲು ಮಗುವಿಗೆ ಸ್ವಾತಂತ್ರ್ಯವಿರಲಿ. ನವೆಂಬರ್ ೧೪ರಂದು ಮಕ್ಕಳೇ ಚೀಟಿ ಹಾಕಿ ತಮ್ಮ ಪುಸ್ತಕ ಆರಿಸಲಿ. ಆ ಫಲಿತಾಂಶವನ್ನು ಲೇಖಕರಿಗೆ ಮಕ್ಕಳ ಕೈಯಿಂದಲೇ ಬರೆಸಿ ಕಳಿಸೋಣ.

"ಮಕ್ಕಳು ನಗಿಸುವ ಪುಸ್ತಕಕ್ಕೇ ಚೀಟಿ ಹಾಕುತ್ತಾರೆ" ಎನ್ನುವಿರಿ. ಹಾಕಲಿ! ನಗುತ್ತ ಒಂದು ಪುಸ್ತಕ ಮುಗಿಸಿದವನು ಎರಡನೆಯದನ್ನು ತಾನೇ ಕೇಳುತ್ತಾನೆ. ಇದು ಗಡಿ ಸೀಮೆ. ಎಷ್ಟೋ ಮನೆಗಳಲ್ಲಿ ತೆಲುಗು, ಉರ್ದು, ಶಾಲೆಯಲ್ಲಿ ಮಾತ್ರ ಕನ್ನಡ. ಕನ್ನಡವೆಂದರೆ ಪರೀಕ್ಷೆ, ಪರೀಕ್ಷೆಯೆಂದರೆ ಹೆದರಿಕೆ ಎಂದಾಗಿಬಿಟ್ಟರೆ ಮಗು ಶಾಲೆ ಬಿಟ್ಟ ದಿನವೇ ಅಕ್ಷರವನ್ನೂ ಬಿಡುತ್ತದೆ.

ಇನ್ನು ಗಿರಣಿಯ ಅಣ್ಣನಿಗೆ ಉತ್ತರ. ಅಣ್ಣಾ, ಹೊಟ್ಟೆಯ ಹೋರಾಟ ನಿಲ್ಲಿಸು ಎಂದು ನಾನು ಹೇಳುವುದಿಲ್ಲ. ಆದರೆ ಹಾಜರಿ ಚೀಟಿ, ಸಾಲದ ಪತ್ರ, ಕರಾರು ಪತ್ರ ಓದಿಸಿಕೊಳ್ಳಲು ನಾವು ಎಷ್ಟು ಜನರ ಕೈಕಾಲು ಹಿಡಿದಿದ್ದೇವೆ? ಓದಲು ಬಂದರೆ ಸಾಲದು, ಓದುವ ಅಭ್ಯಾಸ ಉಳಿಯಬೇಕು. ಅದು ಸಂತೋಷದಿಂದ ಉಳಿಯುತ್ತದೆ, ಬೆತ್ತದಿಂದ ಉಳಿಯುವುದಿಲ್ಲ. ಸಾಹುಕಾರನ ಮಗನಿಗೆ ಸುಮ್ಮನೆ ಕೂತು ಕಥೆ ಓದುವ ಸುಖವಿದ್ದರೆ, ಹತ್ತಿ ಬಿಡಿಸುವವಳ ಮಗಳಿಗೆ ಅದೇಕೆ ಬೇಡ?

ಬರುವ ಸೋಮವಾರ ಹತ್ತು ಜನ ನನ್ನೊಡನೆ ಪಂಚಾಯತಿಗೆ ಬನ್ನಿ. ಮಕ್ಕಳನ್ನೂ ಕರೆತನ್ನಿ. ಬೀರುವಿನ ಬೀಗ ಅವರ ಎದುರಿಗೇ ತೆಗೆಯಲಿ.